ವಂಶಪಾರಂಪರ್ಯ ನಡುಕ: ಪರೀಕ್ಷೆಗೆ ಮುಖ್ಯಾಂಶಗಳು

• ಮನೆತನದಲ್ಲಿ ಬರುವ ನಡುಕಗಳಲ್ಲಿ ಅತಿ ಸಾಮಾನ್ಯವಾದದ್ದು ಎಸೆನ್ಶಿಯಲ್ ಟ್ರೆಮರ್. ಹಲವು ಕುಟುಂಬಗಳಲ್ಲಿ ಅದು ಪ್ರಬಲ ಅನುವಂಶೀಯ ರೀತಿಯಲ್ಲಿ ಇಳಿಯುತ್ತದೆ. ಅಂಥ ಕಡೆ ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಸುಮಾರು 50% ಸಾಧ್ಯತೆ. ಹದಿಹರೆಯದಲ್ಲೂ ಶುರುವಾಗಬಹುದು, 60 ದಾಟಿದ ಮೇಲೂ.

• ಕೈ ಯಾವಾಗ ನಡುಗುತ್ತದೆ? ರೋಗನಿರ್ಣಯದ ಅರ್ಧ ಈ ಪ್ರಶ್ನೆಯಲ್ಲೇ ಇದೆ. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ, ಸೂಜಿಗೆ ದಾರ ಪೋಣಿಸುವಾಗ ನಡುಗಿ, ತೊಡೆಯ ಮೇಲಿಟ್ಟಾಗ ನಿಂತರೆ ಎಸೆನ್ಶಿಯಲ್ ಟ್ರೆಮರ್ ಇರಬಹುದು. ಎರಡೂ ಕೈಗಳು ನಡುಗುತ್ತವೆ. ಎಷ್ಟೋ ಜನರಿಗೆ ತಲೆ, ದನಿ ಕೂಡ. ಸುಮ್ಮನಿಟ್ಟ ಕೈಯೇ ನಡುಗಿ, ಎತ್ತಿದಾಗ ತಗ್ಗಿದರೆ ಪಾರ್ಕಿನ್ಸನ್ ಸಂಶಯ ಬರಬೇಕು. ಅದು ಒಂದು ಬದಿಯಿಂದ ಶುರುವಾಗುತ್ತದೆ. ನಿಧಾನಗತಿ, ಬಿಗಿತ ಜೊತೆಗಿರುತ್ತವೆ.

• ಕೈ ಊರದೆ ಹಾಳೆಯ ಮೇಲೆ ಸುರುಳಿ ಬರೆಸಿ. ಎಸೆನ್ಶಿಯಲ್ ಟ್ರೆಮರ್ ಇದ್ದರೆ ಗೆರೆ ಉದ್ದಕ್ಕೂ ಅಂಕುಡೊಂಕು. ಪಾರ್ಕಿನ್ಸನ್ ಇದ್ದರೆ ಸುರುಳಿ ಕಿರಿದು, ಒತ್ತೊತ್ತು. ಅಕ್ಷರವೂ ಬರೆಯುತ್ತಾ ಹೋದಂತೆ ಚಿಕ್ಕದಾಗುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

• ಎಸೆನ್ಶಿಯಲ್ ಟ್ರೆಮರ್‌ಗೆ 2018ರ ಅಂತರರಾಷ್ಟ್ರೀಯ ಮಾನದಂಡ: ಎರಡೂ ಕೈಗಳಲ್ಲಿ ಕ್ರಿಯಾ ನಡುಕ, ಕನಿಷ್ಠ 3 ವರ್ಷದಿಂದ, ಬೇರೆ ನರದೋಷದ ಲಕ್ಷಣಗಳಿಲ್ಲದೆ.

• ಪ್ರಶ್ನೆಪತ್ರಿಕೆಯಲ್ಲಿ ಎಡವುವ ಜಾಗ: ಎಸೆನ್ಶಿಯಲ್ ಟ್ರೆಮರ್‌ಗೆ ಖಚಿತವಾದ ಒಂದೇ ಜೀನ್ ಗೊತ್ತಿಲ್ಲ, ಆದ್ದರಿಂದ ಜೀನ್ ಪರೀಕ್ಷೆಯಿಂದ ರೋಗ ನಿರ್ಧರಿಸುವುದಿಲ್ಲ. ಮದ್ಯದಿಂದ ನಡುಕ ತಗ್ಗುವುದು ಸುಳಿವು ಮಾತ್ರ. ಮಾನದಂಡವಲ್ಲ, ಚಿಕಿತ್ಸೆಯಂತೂ ಅಲ್ಲ.

• ಮೊದಲು ತಳ್ಳಿಹಾಕಬೇಕಾದವು: ಥೈರಾಯ್ಡ್ ಹೆಚ್ಚಳ; ಸಾಲ್ಬುಟಮಾಲ್, ವಾಲ್ಪ್ರೊಯೇಟ್, ಲಿಥಿಯಂ ಔಷಧಗಳಿಂದ ಬರುವ ನಡುಕ.

• ಎಸೆನ್ಶಿಯಲ್ ಟ್ರೆಮರ್‌ಗೆ ಔಷಧ: ಪ್ರೊಪ್ರಾನೊಲಾಲ್ ಅಥವಾ ಪ್ರಿಮಿಡೋನ್. ಆಸ್ತಮಾ ಇದ್ದರೆ ಪ್ರೊಪ್ರಾನೊಲಾಲ್ ಬೇಡ.

• ಎಸ್‌ಸಿಎ 12: ನಡುಕದಿಂದಲೇ ಶುರುವಾಗುವ ಅಟಾಕ್ಸಿಯಾ; ಭಾರತದಲ್ಲಿ ಅಗರ್‌ವಾಲ್ ಸಮುದಾಯದಲ್ಲಿ ಹೆಚ್ಚು. ಇದಕ್ಕೆ ಜೀನ್ ಪರೀಕ್ಷೆ ಉಂಟು.

• ಎಂದೂ ಕೈತಪ್ಪಬಾರದ್ದು ವಿಲ್ಸನ್ ಕಾಯಿಲೆ. ಎಟಿಪಿ7ಬಿ ಜೀನ್ ಕೆಟ್ಟು ಯಕೃತ್ತು, ಮಿದುಳಿನಲ್ಲಿ ತಾಮ್ರ ಸೇರಿಕೊಳ್ಳುತ್ತದೆ. ತಂದೆತಾಯಿ ಆರೋಗ್ಯವಾಗಿಯೇ ಇರುತ್ತಾರೆ, ಹಾಗಾಗಿ ‘ಮನೆಯಲ್ಲಿ ಯಾರಿಗೂ ಇಲ್ಲ’ ಎಂಬ ಉತ್ತರಕ್ಕೆ ಸಮಾಧಾನಪಡಬೇಡಿ. ಅಕ್ಕನ ಮಗಳನ್ನು ತಂದುಕೊಂಡ ಮನೆಯೇ ಎಂದೂ ಕೇಳಿ. ರಕ್ತದ ಸೆರುಲೊಪ್ಲಾಸ್ಮಿನ್, 24 ಗಂಟೆಯ ಮೂತ್ರದ ತಾಮ್ರ, ಕಣ್ಣಿನ ಕೇಸರ್-ಫ್ಲೈಶರ್ ಉಂಗುರ ನೋಡಬೇಕು. ಬೇಗ ಹಿಡಿದರೆ ಚಿಕಿತ್ಸೆ ಫಲಿಸುತ್ತದೆ. ಒಡಹುಟ್ಟಿದವರಿಗೆ 25% ಸಾಧ್ಯತೆ ಇರುವುದರಿಂದ, ಲಕ್ಷಣವಿಲ್ಲದಿದ್ದರೂ ಅವರೆಲ್ಲರನ್ನೂ ಕರೆಸಿ ಪರೀಕ್ಷಿಸಿ.