22 ನಿಮಿಷದಲ್ಲೊಂದು ಪತ್ತೇದಾರಿ

ಟೀವಿಯಲ್ಲಿ ಪತ್ತೇದಾರಿ ಕಂತು ನೋಡಲು ಕೂತವರೆಲ್ಲ ಒಂದೇ ಪ್ರಶ್ನೆ ಹಿಡಿದು ಕೂರುತ್ತಾರೆ: ಮಾಡಿದವನು ಯಾರು? ಹೊಸದಾಗಿ ನೋಡತೊಡಗಿದವರಿಗೆ ನಾನು ಹೇಳುವುದು ಬೇರೆ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಸುಳಿವನ್ನು ಎಲ್ಲಿಟ್ಟಿದ್ದಾರೆ, ಹೇಗೆ ಮುಚ್ಚಿದ್ದಾರೆ ಎಂದು ಹುಡುಕಿ. ಆಗ ಕಂತಿನ ಕಟ್ಟೋಣ ಕಣ್ಣಿಗೆ ಬೀಳುತ್ತದೆ, ನೋಡುವ ಖುಷಿಯೂ ಹೆಚ್ಚುತ್ತದೆ.

ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು 22 ನಿಮಿಷದ ಆಸುಪಾಸು. ಅಷ್ಟರೊಳಗೆ ಒಂದು ಅಪರಾಧ ನಡೆಯಬೇಕು, ಪತ್ತೇದಾರ ಬರಬೇಕು, ಮೂರು ನಾಲ್ಕು ಜನರ ಮೇಲೆ ಅನುಮಾನ ಹುಟ್ಟಬೇಕು, ದಾರಿ ಒಮ್ಮೆ ತಪ್ಪಬೇಕು, ಕೊನೆಗೆ ಗುಟ್ಟು ಬಿಡಬೇಕು. ಈ ಇಕ್ಕಟ್ಟಿನಿಂದಲೇ ಕೆಲವು ಕಟ್ಟುಪಾಡುಗಳು ಹುಟ್ಟಿಕೊಂಡಿವೆ. ಅವು ಬರೆದವರ ಮತ್ತು ನೋಡುವವರ ನಡುವಿನ ಕರಾರು.

ಈ ಕರಾರು ಟೀವಿಗಿಂತ ಹಳೆಯದು. ಆರ್ಥರ್ ಕಾನನ್ ಡಾಯ್ಲ್ 1891ರಿಂದ ಲಂಡನ್ನಿನ ಸ್ಟ್ರಾಂಡ್ ಮಾಸಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸನ ಸಣ್ಣಕತೆಗಳನ್ನು ಬರೆಯತೊಡಗಿದರು. ಪಾತ್ರ ಅದೇ, ಕತೆ ಮಾತ್ರ ಪ್ರತಿ ಸಂಚಿಕೆಯಲ್ಲೂ ಹೊಸತು, ಅಲ್ಲಿಗೇ ಮುಗಿಯುವಂಥದ್ದು. ಹಿಂದಿನ ಸಂಚಿಕೆ ತಪ್ಪಿಸಿಕೊಂಡ ಓದುಗನಿಗೂ ನಷ್ಟವಿಲ್ಲ. ಕಿರುತೆರೆಯ ಕಂತು ಇಂದಿಗೂ ನಿಂತಿರುವುದು ಇದೇ ಲೆಕ್ಕಾಚಾರದ ಮೇಲೆ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬಂಗಾಳಿಯಲ್ಲಿ ಸೃಷ್ಟಿಸಿದ ಬ್ಯೋಮಕೇಶ ಬಕ್ಷಿಯನ್ನು ಬಾಸು ಚಟರ್ಜಿ 1993ರಲ್ಲಿ ದೂರದರ್ಶನಕ್ಕೆ ತಂದರು. ರಜಿತ್ ಕಪೂರ್ ಬ್ಯೋಮಕೇಶ, ಕೆ.ಕೆ. ರೈನಾ ಅವನ ಗೆಳೆಯ ಅಜಿತ. ಕನ್ನಡದ ಮನೆಗಳೂ ಅದನ್ನು ಹಿಂದಿಯಲ್ಲೇ ನೋಡಿ ಮೆಚ್ಚಿದವು. ಅದಕ್ಕೂ ಎಷ್ಟೋ ಮೊದಲೇ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕನ್ನಡದಲ್ಲಿ ದೊಡ್ಡ ಓದುಗ ಬಳಗವನ್ನೇ ಕಟ್ಟಿಯಾಗಿತ್ತು. ಆ ಓದುಗರಿಗೆ ಈ ಕಟ್ಟುಪಾಡುಗಳನ್ನು ಯಾರೂ ಕೂರಿಸಿ ಕಲಿಸಲಿಲ್ಲ, ಓದುತ್ತ ಓದುತ್ತ ತಾವೇ ಹಿಡಿದುಕೊಂಡರು.

ಬರೀ ನಿಯಮ ಹೇಳುತ್ತ ಹೋದರೆ ತಲೆಗೆ ಹತ್ತುವುದಿಲ್ಲ. ಸಕಲೇಶಪುರದ ಆಚೆಯ ಹೆಗ್ಗದ್ದೆಯಲ್ಲಿ ನಡೆಯಿತೆಂದುಕೊಂಡು ಒಂದು ಕಂತನ್ನು ನಾವೇ ಕಟ್ಟೋಣ. ಕತೆ ಪೂರ್ತಿ ಕಲ್ಪನೆ, ಊರು ಮಾತ್ರ ನಿಜ.

ಹೆಗ್ಗದ್ದೆಯೇ ಯಾಕೆ? ಪತ್ತೇದಾರಿ ಕತೆಗೆ ಬೇಲಿ ಬೇಕು. ಶಂಕಿತರು ಇಷ್ಟೇ ಜನ, ಹೊರಗಿನಿಂದ ಯಾರೂ ಬಂದಿಲ್ಲ, ಒಳಗಿನಿಂದ ಯಾರೂ ಹೋಗಿಲ್ಲ ಎಂಬ ಖಾತ್ರಿ ನೋಡುಗನಿಗೆ ಬೇಕು. ಇಂಗ್ಲೆಂಡಿನ ಲೇಖಕರು ಇದಕ್ಕಾಗಿ ಹಿಮದಲ್ಲಿ ಹೂತ ಬಂಗಲೆ, ನಡುದಾರಿಯಲ್ಲಿ ನಿಂತ ರೈಲು ಎಂದೆಲ್ಲ ಹೊಂಚಿದರು. ಶಿರಾಡಿ ಘಾಟಿಯ ನೆತ್ತಿಯ ಮೇಲಿರುವ ನಮ್ಮ ಊರುಗಳಿಗೆ ಆ ಬೇಲಿಯನ್ನು ಪ್ರಕೃತಿ ಮತ್ತು ರಸ್ತೆ ಕಾಮಗಾರಿಗಳೇ ಹಾಕಿಕೊಡುತ್ತವೆ. 2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆವರೆಗೆ ಕಾಂಕ್ರೀಟ್ ಹಾಕಲು ಹೆದ್ದಾರಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. 2024ರ ಜುಲೈ ಮಳೆಯಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಜರಿದು ವಾಹನಗಳು ನಿಂತವು. ಅದೇ ತಿಂಗಳು ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲೂ ನಿಂತಿತು. ನಮ್ಮ ಕತೆಯನ್ನು 2015ರ ಆ ಮುಚ್ಚುಗಡೆಯ ಜನವರಿಯಲ್ಲಿ ಇಟ್ಟುಕೊಳ್ಳೋಣ. ಮಂಗಳೂರಿನ ಕಡೆ ದಾರಿಯಿಲ್ಲ. ಏನೇ ಸಾಗಿಸಿದರೂ ಸಕಲೇಶಪುರದ ಕಡೆಗೇ ಸಾಗಿಸಬೇಕು.

ಮೊದಲ ದೃಶ್ಯ, ಬೆಳಿಗ್ಗೆ ಆರೂವರೆ. ಒಂದು ಕಾಫಿ ಎಸ್ಟೇಟಿನ ಕಣ. ಒಣಗಿದ ರೊಬಸ್ಟಾ ಚೆರ್ರಿ ತುಂಬಿದ 40 ಮೂಟೆ, ಒಂದೊಂದು 50 ಕಿಲೋ, ರಾತ್ರಿ ಅಲ್ಲೇ ಇದ್ದವು. ಬೆಳಿಗ್ಗೆ ಲಾರಿ ಬಂದು ತುಂಬಿಕೊಂಡು ಹೋಗಬೇಕಿತ್ತು. ಈಗ ಒಂದೂ ಇಲ್ಲ. ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಮೂಲೆಯಲ್ಲಿ ಬಿದ್ದಿದೆ, ಕೆಳಗೆ ಹಾಸಿದ್ದ ನೀಲಿ ಟಾರ್ಪಾಲು ಹಾಸಿದಂತೆಯೇ ಇದೆ. ಎಸ್ಟೇಟಿನ ಲೆಕ್ಕ ನೋಡುವ ರೈಟರು ಎದೆ ಬಡಿದುಕೊಳ್ಳುತ್ತ ಹೇಳುತ್ತಾರೆ: “ಐದು ಗಂಟೆಗೆ ಟಾರ್ಚ್ ಹಿಡಿದು ಬಂದು ಎಣಿಸಿದ್ದೀನಿ ಸಾರ್, ನಲವತ್ತೂ ಇದ್ದವು.” ಅಂದರೆ ಕಳ್ಳತನ ಐದರಿಂದ ಆರೂವರೆಯೊಳಗೆ. ಆ ಹೊತ್ತಿನಲ್ಲಿ ರೈಟರು ಸಾಹುಕಾರರ ಮನೆಯಲ್ಲೇ ಇದ್ದರು, ಕಾಫಿ ಕುಡಿದರು, ನೋಡಿದವರಿದ್ದಾರೆ.

ಅವರು ಇದನ್ನು ಹೇಳುತ್ತಿರುವಾಗ ಚೌಕಟ್ಟಿನ ಅಂಚಿನಲ್ಲಿ ಕೂಲಿಯವರ ಲೈನ್ ಮನೆಯ ಒಂದು ಮಗು ಕೂತು ಟಾರ್ಪಾಲಿನ ಮೇಲೆ ಬೆರಳಿನಿಂದ ಬಸ್ಸಿನ ಚಿತ್ರ ಬಿಡಿಸುತ್ತಿದೆ. ಉದ್ದನೆಯ ಬಸ್ಸು, ಸಾಲು ಕಿಟಕಿ, ಎರಡು ಚಕ್ರ. ಇಬ್ಬನಿಯ ಮೇಲೆ ಗೆರೆ ಚೆನ್ನಾಗಿ ಮೂಡುತ್ತದೆ. ತಾಯಿ ಓಡಿ ಬಂದು ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾಳೆ. ಇಷ್ಟಕ್ಕೆ ಸಾಕು ನಾಲ್ಕು ಸೆಕೆಂಡು. ಆಮೇಲೆ ಯಾರೋ ಕೂಗುತ್ತಾರೆ, ಗೋದಾಮಿನ ಬೀಗ ಒಡೆದಿದೆ ಎಂದು. ಕ್ಯಾಮೆರಾ ಅತ್ತ ಓಡುತ್ತದೆ, ನಾವೂ ಓಡುತ್ತೇವೆ.

ಕಂತಿನ ಉತ್ತರ ಆಗಲೇ ನಮ್ಮ ಕಣ್ಣ ಮುಂದೆ ಬಂದುಹೋಯಿತು. ಜನವರಿಯ ಮಲೆನಾಡಿನಲ್ಲಿ ಇರುಳೆಲ್ಲ ಇಬ್ಬನಿ ಬೀಳುತ್ತದೆ. ಮೂಟೆಗಳು ಐದು ಗಂಟೆವರೆಗೂ ಅಲ್ಲಿದ್ದಿದ್ದರೆ ಅವುಗಳ ಅಡಿಯ ಟಾರ್ಪಾಲು ಒಣಗಿರಬೇಕಿತ್ತು, ಸುತ್ತಲಿನದು ಮಾತ್ರ ಒದ್ದೆಯಾಗಿರಬೇಕಿತ್ತು. ಮಗುವಿನ ಬಸ್ಸು ಈ ತುದಿಯಿಂದ ಆ ತುದಿಗೆ, ಮೂಟೆಗಳಿದ್ದ ಜಾಗದ ಮೇಲೂ, ಎಲ್ಲೂ ಕಡಿಯದೆ ಮೂಡಿದೆ. ಹಾಗಾದರೆ ಮೂಟೆಗಳು ರಾತ್ರಿ ಬೇಗನೆ ಹೋಗಿವೆ. ಐದು ಗಂಟೆಯ ಎಣಿಕೆ ಸುಳ್ಳು.

ಇಲ್ಲಿ ಸುಳಿವನ್ನು ಮುಚ್ಚಿದ ಬಗೆ ನೋಡಿ. ಅದನ್ನು ಕತ್ತಲಲ್ಲಿ ಇಟ್ಟಿಲ್ಲ, ಬೆಳಕಿನಲ್ಲೇ ಇಟ್ಟು ಅದಕ್ಕೆ ಬೇರೊಂದು ಕೆಲಸ ಕೊಟ್ಟಿದ್ದಾರೆ. ಮಗುವಿನ ಆಟ ಎಂದುಕೊಂಡು ನಾವು ನಕ್ಕು ಬಿಟ್ಟೆವು. ಅದರ ಬೆನ್ನಿಗೇ ಇನ್ನೂ ದೊಡ್ಡ ಗದ್ದಲ ಎಬ್ಬಿಸಿದರು. ಒಳ್ಳೆಯ ಕಂತುಗಳಲ್ಲಿ ಸುಳಿವು ಹೀಗೆ ಒಂದು ಸಣ್ಣ ಮಮತೆಯ, ಜಗಳದ ಇಲ್ಲವೇ ನಗುವಿನ ಕ್ಷಣದೊಳಗೆ ಇರುತ್ತದೆ. ಇಲ್ಲವಾದರೆ ಮಾತಿನಲ್ಲಿ ಮೂರು ಸಂಗತಿ ಪಟ್ಟಿ ಮಾಡಿದಾಗ ನಡುವಿನದಾಗಿರುತ್ತದೆ. ಮೊದಲನೆಯದೂ ಕೊನೆಯದೂ ನೆನಪಿನಲ್ಲಿ ಉಳಿಯುತ್ತವೆ, ನಡುವಿನದು ಜಾರಿಹೋಗುತ್ತದೆ.

ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕತೆಗಳಿಗೆ ಹತ್ತು ನಿಯಮ ಬರೆದರು. ಅದರಲ್ಲಿ ಎರಡನ್ನು ನೆನಪಿಟ್ಟುಕೊಳ್ಳಿ: ಅಪರಾಧಿ ಕತೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರ ಕಂಡ ಸುಳಿವು ಓದುಗನಿಗೂ ಕಾಣಬೇಕು. ಕೊನೆಯ ಎರಡು ನಿಮಿಷದಲ್ಲಿ ಎಲ್ಲಿಂದಲೋ ಒಬ್ಬ ಅಣ್ಣನೋ ತಮ್ಮನೋ ಇಳಿದು ಬಂದು ತಪ್ಪೊಪ್ಪಿಕೊಂಡರೆ ಆ ಕಂತು ಕರಾರು ಮುರಿಯಿತು ಎಂದೇ ಅರ್ಥ. ಎಷ್ಟು ಚೆಂದ ಚಿತ್ರಿಸಿದ್ದರೂ ಅಂಥ ಕಂತನ್ನು ನಾನು ಒಪ್ಪುವುದಿಲ್ಲ.

ಇನ್ನು ತಪ್ಪು ಜಾಡು. ಒಡೆದ ಬೀಗದ ಹತ್ತಿರ ಒಂದು ಟವೆಲ್ ಸಿಗುತ್ತದೆ. ಅದು ಅಸ್ಸಾಮಿನಿಂದ ಕೆಲಸಕ್ಕೆ ಬಂದ ಒಬ್ಬ ಹುಡುಗನದು. ಊರೆಲ್ಲ ಅವನತ್ತ ತಿರುಗುತ್ತದೆ. ಈ ಭಾಗದ ತೋಟಗಳಿಗೆ ಈಗ ದೂರದ ರಾಜ್ಯಗಳಿಂದ ಕಾರ್ಮಿಕರು ಬರುತ್ತಾರೆ, ಏನೇ ಕಳೆದರೂ ಮೊದಲ ಬೆರಳು ಅವರ ಕಡೆಗೇ ಚಾಚುತ್ತದೆ. ಕಿರುತೆರೆಯಲ್ಲೂ ಮನೆಗೆಲಸದವರು, ವಾಚ್‌ಮನ್, ಪರ ಊರಿನವರು ಸುಲಭದ ಶಂಕಿತರು. ತಪ್ಪು ಜಾಡು ನೋಡುಗನ ಮನಸ್ಸಿನಲ್ಲಿ ಮೊದಲೇ ಇರುವ ಅನುಮಾನವನ್ನು ಬಳಸಿಕೊಳ್ಳುತ್ತದೆ, ಅದರ ಶಕ್ತಿ ಇರುವುದೇ ಅಲ್ಲಿ. ಹಾಗೆ ಬಳಸಿಕೊಂಡ ಮೇಲೆ ಆ ಅನುಮಾನವನ್ನು ಪುರಾವೆಯಿಂದಲೇ ಕಿತ್ತುಹಾಕುವ ಹೊಣೆಯೂ ಲೇಖಕನ ಮೇಲೆ ಬೀಳುತ್ತದೆ. ನಮ್ಮ ಕತೆಯಲ್ಲಿ ಪುರಾವೆ ಸರಳ: 40 ಮೂಟೆ ಎಂದರೆ ಎರಡು ಟನ್. ತಲೆಹೊರೆಯಲ್ಲಿ ಒಬ್ಬ ಹುಡುಗ ಒಂದು ರಾತ್ರಿಯಲ್ಲಿ, ಯಾರಿಗೂ ಕೇಳಿಸದಂತೆ, ಅದನ್ನು ಸಾಗಿಸಲಾರ. ವಾಹನ ಬೇಕು, ಗೇಟಿನ ಕೀಲಿ ಬೇಕು. ಕೀಲಿ ಇರುವುದು ಸಾಹುಕಾರರು, ರೈಟರು ಈ ಇಬ್ಬರ ಹತ್ತಿರ.

ಈ ತೂಕದ ಲೆಕ್ಕವನ್ನು ಪತ್ತೇದಾರ ತನ್ನ ಮನಸ್ಸಿನಲ್ಲೇ ಮಾಡಿಕೊಂಡರೆ ನಮಗೆ ತಿಳಿಯುವುದು ಹೇಗೆ? ಅದಕ್ಕೇ ಜೊತೆಗೊಬ್ಬ ಇರುತ್ತಾನೆ. ಹೋಮ್ಸನಿಗೆ ವಾಟ್ಸನ್, ಬ್ಯೋಮಕೇಶನಿಗೆ ಅಜಿತ, 1985ರ ಟೀವಿ ಧಾರಾವಾಹಿಯ ಕರಮಚಂದನಿಗೆ ಕಿಟ್ಟಿ. ನಾವು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವರು ಕೇಳುತ್ತಾರೆ. ಬ್ಯೋಮಕೇಶನ ಮೊದಲ ಕತೆ ‘ಸತ್ಯಾನ್ವೇಷಿ’ಯಲ್ಲಂತೂ ಒಂದು ಸೊಗಸಾದ ತಿರುವಿದೆ: ಬ್ಯೋಮಕೇಶ ಬೇರೆ ಹೆಸರಿನಲ್ಲಿ ಬಂದು ಅಜಿತನ ಕೋಣೆಯಲ್ಲೇ ಉಳಿದುಕೊಳ್ಳುತ್ತಾನೆ. ಅಲ್ಲಿ ಗುಟ್ಟಾಗಿರುವವನು ಅಪರಾಧಿಯೊಬ್ಬನೇ ಅಲ್ಲ, ಪತ್ತೇದಾರನೂ ಹೌದು.

ಕಂತಿನ ನಡುವೆ, ಜಾಹೀರಾತಿಗೆ ಮುಂಚೆ, ಅಲ್ಲಿವರೆಗಿನ ಊಹೆಯನ್ನು ಬುಡಮೇಲು ಮಾಡುವ ಒಂದು ಸುದ್ದಿ ಬರುತ್ತದೆ. 1998ರ ಜನವರಿಯಲ್ಲಿ ಶುರುವಾಗಿ ಇಪ್ಪತ್ತು ವರ್ಷ ಓಡಿದ ‘ಸಿಐಡಿ’ಯಲ್ಲಿ ಈ ಕೆಲಸವನ್ನು ಬಹಳಷ್ಟು ಸಲ ಡಾಕ್ಟರ್ ಸಾಳುಂಖೆಯ ಪ್ರಯೋಗಾಲಯ ಮಾಡುತ್ತಿತ್ತು. ವೇಗಕ್ಕೆ ಅದು ಅನುಕೂಲ. ಯಂತ್ರ ಉತ್ತರ ಹೇಳಿದಾಗ ನೋಡುಗನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ, ಅದೊಂದೇ ತೊಂದರೆ.

ಕೊನೆಗೆ ಎಲ್ಲರನ್ನೂ ಒಂದೆಡೆ ಸೇರಿಸುವ ದೃಶ್ಯ. ಅಗಾಥಾ ಕ್ರಿಸ್ಟಿಯ ಪಾಯ್ರೋ ಇದನ್ನು ಬೈಠಕ್‌ಖಾನೆಯಲ್ಲಿ ಮಾಡುತ್ತಿದ್ದ. ಕನ್ನಡದ ನೋಡುಗರಿಗೆ ಇದರ ರುಚಿ ಹತ್ತಿದ್ದು ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳಿಂದ ಎಂದು ನನ್ನ ಎಣಿಕೆ. ಅಲ್ಲಿ ಸತ್ಯ ಹೊರಬರುವುದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ. ನಮ್ಮ ಹೆಗ್ಗದ್ದೆಯ ಕಂತಿನಲ್ಲೂ ಇನ್ಸ್‌ಪೆಕ್ಟರ್ ರೈಟರನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಟಾರ್ಪಾಲಿನ ಮೇಲೆ ಇಡೀ ರಾತ್ರಿ ಇಟ್ಟಿದ್ದ ನಾಲ್ಕು ಮೂಟೆಯನ್ನು ಎಲ್ಲರೆದುರು ಎತ್ತಿಸುತ್ತಾನೆ. ಒಣಗಿದ ನಾಲ್ಕು ಚೌಕಗಳು ಕಾಣುತ್ತವೆ. “ನಿನ್ನೆ ಇವು ಯಾಕೆ ಇರಲಿಲ್ಲ?” ಎಂದು ಕೇಳಿದರೆ ಮುಗಿಯಿತು.

ಎಲ್ಲ ಕತೆಯೂ ಈ ಅಳತೆಗೆ ಒಗ್ಗುವುದಿಲ್ಲ. ಪಕ್ಕದ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಬರೆದ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿದೆ, ವಿಚಾರಣೆಗೆ ಬಂದ ಅಧಿಕಾರಿ ಅಂಗಡಿ ಇದ್ದಾರೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯನ್ನು ಗಿರೀಶ ಕಾರ್ನಾಡರು ಕಿರುತೆರೆಗೂ ತಂದರು. ಅಲ್ಲಿ ಒಂದೊಂದು ಸುಳಿವಿನ ಎಳೆ ಹಿಡಿದರೂ ಜಾತಿ, ಕಾಡು, ಮೂಢನಂಬಿಕೆ, ಕತೆ ನಡೆಯುವ ಇಡೀ ಕೆಸರೂರೇ ಕಿತ್ತು ಬರುತ್ತದೆ. ಒಬ್ಬ ಅಪರಾಧಿಯನ್ನು ತೋರಿಸಿ ಮುಗಿಸುವ ಕತೆ ಅದಲ್ಲ. ಸಣ್ಣ ಕಂತಿನ ಲೋಕದಲ್ಲಿ ರೈಟರು ಸಿಕ್ಕಿಬಿದ್ದರೆ ಊರು ಸರಿಹೋಯಿತು ಎಂದು ನಂಬಬೇಕು. ಆ ಮಿತಿಯನ್ನು ತಿಳಿದೇ ನೋಡಬೇಕು.

ಆದರೂ ಆ ಮಿತಿಯೊಳಗೆ ಒಂದು ಕೆಲಸ ಮಾಡಬಹುದು. ಗುಟ್ಟು ಬಿಟ್ಟ ಕೂಡಲೇ ಬಹಳಷ್ಟು ಕಂತುಗಳು ಹೆಸರು ಓಡಿಸಿಬಿಡುತ್ತವೆ. ಮೊದಲು ಅನುಮಾನಕ್ಕೆ ಸಿಕ್ಕವನು ಏನಾದ ಎಂದು ತೋರಿಸುವುದಿಲ್ಲ. ನಮ್ಮ ಕಂತಿನಲ್ಲಿ ಸಾಹುಕಾರರು ಆ ಹುಡುಗನನ್ನು ಕರೆದು, ಊರವರ ಮುಂದೆಯೇ ತಪ್ಪಾಯಿತೆಂದು ಹೇಳಿ, ತಡೆಹಿಡಿದ ಕೂಲಿ ಕೊಡುವ ದೃಶ್ಯ ಇರಲೇಬೇಕು. ಅದಕ್ಕೆ 40 ಸೆಕೆಂಡು ಸಾಕು. ಸಮಯ ಸಾಲದಿದ್ದರೆ ಮೂಟೆ ಸಾಗಿಸಿದ ಪಿಕಪ್ಪಿನ ಹಿಂದೆ ಜೀಪು ಓಡಿಸುವ ದೃಶ್ಯದಿಂದ ಕತ್ತರಿಸಿಕೊಳ್ಳಲಿ.