ಟೆಂಡರ್ ಕಡತದಲ್ಲಿ ಹವಾಮಾನ ಹುಡುಕುವುದು ಹೇಗೆ?

ಸರ್ಕಾರ ಸಿಮೆಂಟು ಕೊಳ್ಳುತ್ತದೆ, ಬೀದಿದೀಪ ಕೊಳ್ಳುತ್ತದೆ, ಕಚೇರಿಗಳಿಗೆ ಎ.ಸಿ. ಕೊಳ್ಳುತ್ತದೆ. ಅದೇ ಸರ್ಕಾರ 2070ಕ್ಕೆ ನೆಟ್ ಝೀರೋ ತಲುಪುತ್ತೇವೆ, 2030ರೊಳಗೆ ಜಿಡಿಪಿಯ ಇಂಗಾಲ ತೀವ್ರತೆಯನ್ನು 2005ರ ಮಟ್ಟದಿಂದ ಶೇ 45ರಷ್ಟು ಇಳಿಸುತ್ತೇವೆ ಎಂದು ಜಗತ್ತಿಗೆ ಮಾತು ಕೊಟ್ಟಿದೆ. ಕೊಟ್ಟ ಮಾತು ಕೊಳ್ಳುವ ಸಾಮಾನಿನವರೆಗೆ ಬಂದಿದೆಯೇ ಎಂದು ನೋಡುವ ಸಂಶೋಧನೆಗಳಿಗೆ ಎಂ.ಎ., ಎಂ.ಟೆಕ್ ಮುಗಿಸಿದವರನ್ನು, ಪಿಎಚ್‌.ಡಿ. ಶುರು ಮಾಡಿದವರನ್ನು ರಿಸರ್ಚ್ ಅಸಿಸ್ಟೆಂಟ್ ಆಗಿ ತೆಗೆದುಕೊಳ್ಳುತ್ತಾರೆ. ಇಂಥ ಕೆಲಸ ಸಿಕ್ಕವರು ನೀತಿ ದಾಖಲೆಗಳ ರಾಶಿಯಲ್ಲೇ ತಿಂಗಳು ಕಳೆಯುವುದುಂಟು. ಪೀಠಿಕೆಗಳಲ್ಲಿ ಎಲ್ಲರೂ ಹಸಿರೇ. ನೋಡಬೇಕಾದದ್ದು ಟೆಂಡರಿನ ಒಳಪುಟಗಳನ್ನು.

ಒಂದೇ ವಸ್ತು ಹಿಡಿಯಿರಿ

‘ಕರ್ನಾಟಕದಲ್ಲಿ ಹಸಿರು ಖರೀದಿ’ ಎಂಬ ವಿಷಯ ಆರು ತಿಂಗಳಲ್ಲಿ ಮುಗಿಯುವಂಥದ್ದಲ್ಲ. ‘ಮೂರು ಜಿಲ್ಲೆಗಳ ಕಟ್ಟಡ ಕಾಮಗಾರಿಗಳಲ್ಲಿ ಹಾರುಬೂದಿ’ ಮುಗಿಯುತ್ತದೆ. ಹಾರುಬೂದಿಯ ಹೆಸರು ಸುಮ್ಮನೆ ಹೇಳಿದ್ದಲ್ಲ. ಉಷ್ಣ ವಿದ್ಯುತ್ ಸ್ಥಾವರದಿಂದ 300 ಕಿ.ಮೀ. ಒಳಗಿನ ನಿರ್ಮಾಣ ಕಾಮಗಾರಿಗಳು ಬೂದಿಯನ್ನು ಬಳಸಬೇಕೆಂದು ಕೇಂದ್ರ ಪರಿಸರ ಸಚಿವಾಲಯದ 2021ರ ಡಿಸೆಂಬರ್ ಅಧಿಸೂಚನೆ ಕೆಲವು ಷರತ್ತುಗಳೊಂದಿಗೆ ಹೇಳುತ್ತದೆ. ಶಕ್ತಿನಗರ, ಕುಡತಿನಿ, ಕೂಡಗಿ ಸ್ಥಾವರಗಳ ಸುತ್ತ ನಕ್ಷೆಯಲ್ಲಿ ಅಷ್ಟು ದೂರದ ವೃತ್ತ ಎಳೆದು ನೋಡಿ. ಉತ್ತರ ಕರ್ನಾಟಕದ ಬಹುಭಾಗ ಒಳಗೆ ಬರುತ್ತದೆ. ನಿಯಮ ಸ್ಪಷ್ಟ, ಪ್ರದೇಶ ಸ್ಪಷ್ಟ. ಇನ್ನುಳಿದದ್ದು ಟೆಂಡರುಗಳಲ್ಲಿ ಅದು ಇದೆಯೇ ಎಂದು ನೋಡುವುದಷ್ಟೇ. ಸಂಶೋಧನೆಯ ಪ್ರಶ್ನೆ ಇಷ್ಟು ನಿಖರವಾಗಿರಬೇಕು.

ಯಾವ ಕಾನೂನು ಯಾರಿಗೆ?

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಕೇಂದ್ರ ಸರ್ಕಾರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮ (ಜಿಎಫ್ಆರ್) ಅನ್ವಯ; ಅಧಿಸೂಚಿತ ವಿದ್ಯುತ್ ಉಪಕರಣ ಕೊಳ್ಳುವಾಗ ಇಂಧನ ದಕ್ಷತಾ ಬ್ಯೂರೊದ (ಬಿಇಇ) ಸ್ಟಾರ್ ದರ್ಜೆ ನೋಡಬೇಕೆಂಬ ಸೂಚನೆ ಅದರಲ್ಲಿದೆ. ರಾಜ್ಯದ ಇಲಾಖೆ, ನಿಗಮ, ಪಾಲಿಕೆಗಳಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ (ಕೆಟಿಪಿಪಿ). ಜಿಎಫ್ಆರ್ ಉಲ್ಲಂಘಿಸಿದ್ದಾರೆ ಎಂದು ಲೋಕೋಪಯೋಗಿ ಇಲಾಖೆಯ ಮೇಲೆ ಬರೆದರೆ ಮಾರ್ಗದರ್ಶಕರು ಓದಿ ಅಲ್ಲೇ ನಿಲ್ಲಿಸುತ್ತಾರೆ. ಕೆಟಿಪಿಪಿಯ 4(ಜಿ) ವಿನಾಯಿತಿಯಲ್ಲಿ ಟೆಂಡರಿಲ್ಲದೆ ಹೋದ ಖರೀದಿಗಳಿಗೆ ಬೇರೆಯದೇ ಪಟ್ಟಿ ಮಾಡಿ.

ಕಡತ ಇಳಿಸಿಕೊಳ್ಳುವಾಗ

ರಾಜ್ಯದ ಟೆಂಡರುಗಳು ಕೆಪಿಪಿಪಿ ಪೋರ್ಟಲಿನಲ್ಲಿ, ಕೇಂದ್ರದ ಇ-ಮಾರುಕಟ್ಟೆ ಜೆಮ್ ಮೂಲಕದ ಖರೀದಿ ಜೆಮ್‌ನಲ್ಲಿ ಸಿಗುತ್ತವೆ. ಟೆಂಡರ್ ಪ್ರಕಟಣೆಯೊಂದನ್ನೇ ಇಳಿಸಿಕೊಂಡರೆ ಸಾಲದು. ತಾಂತ್ರಿಕ ವಿವರಣೆ, ಬಿಒಕ್ಯೂ (ಐಟಂ ಮತ್ತು ಪ್ರಮಾಣಗಳ ಪಟ್ಟಿ), ಕರಾರಿನ ಷರತ್ತು, ತಿದ್ದುಪಡಿ, ಪ್ರೀ-ಬಿಡ್ ಸಭೆಯ ಪ್ರಶ್ನೋತ್ತರ ಎಲ್ಲವೂ ಬೇಕು. ಈ ಕೊನೆಯ ಎರಡನ್ನು ಮೊದಲು ಓದಿ ಎಂಬುದು ನನ್ನ ಹಟ. ಮೂಲ ದಾಖಲೆಯಲ್ಲಿ ಎ.ಸಿ.ಗೆ ಐದು ಸ್ಟಾರ್ ಕೇಳಿರುತ್ತಾರೆ. ‘ಮೂರು ಸ್ಟಾರಿಗೂ ಅವಕಾಶ ಕೊಡಿ’ ಎಂದು ಬಿಡ್‌ದಾರರು ಕೇಳುತ್ತಾರೆ. ತಿದ್ದುಪಡಿಯಲ್ಲಿ ಒಂದು ಸಾಲು ಬದಲಾಗಿರುತ್ತದೆ. ಹವಾಮಾನದ ಷರತ್ತು ಸಾಯುವುದು ಹೀಗೆ, ಸದ್ದಿಲ್ಲದೆ. ಪ್ರತಿ ಕಡತದ ಹೆಸರಲ್ಲೂ ಟೆಂಡರ್ ಸಂಖ್ಯೆ, ಇಳಿಸಿಕೊಂಡ ದಿನಾಂಕ ಇರಲಿ.

ಷರತ್ತು ಎಲ್ಲಿ ಕೂತಿದೆ?

ಇಡೀ ಅಧ್ಯಯನದ ಜೀವ ಇರುವುದು ಇಲ್ಲಿ. ಎಕ್ಸೆಲ್ ಹಾಳೆಯಲ್ಲಿ ಟೆಂಡರಿಗೊಂದು ಸಾಲು. ‘ಪರಿಸರ’, ‘ಇಂಧನ ದಕ್ಷತೆ’ ಪದಗಳು ಎಷ್ಟು ಸಲ ಬಂದಿವೆ ಎಂದು ಎಣಿಸಬೇಡಿ. ಯಾವ ಭಾಗದಲ್ಲಿ ಬಂದಿವೆ ಎಂದು ಗುರುತಿಸಿ. ಪೀಠಿಕೆಯಲ್ಲಿದ್ದರೆ ಅದಕ್ಕೆ ಬೆಲೆ ಕಡಿಮೆ. ತಾಂತ್ರಿಕ ವಿವರಣೆಯಲ್ಲಿ ಕಡ್ಡಾಯವಾಗಿದ್ದರೆ ಬಲ ಹೆಚ್ಚು. ಮೌಲ್ಯಮಾಪನದಲ್ಲಿ ಅಂಕವಿದ್ದರೆ ಬಿಡ್‌ದಾರ ಸ್ಪರ್ಧಿಸುತ್ತಾನೆ. ಆದರೆ ನಮ್ಮಲ್ಲಿ ಅದು ಅಪರೂಪ, ಎಲ್1 ಅಂದರೆ ಕಡಿಮೆ ದರದವನಿಗೇ ಕೆಲಸ. ದರದ ಜತೆ ಗುಣಮಟ್ಟಕ್ಕೂ ಅಂಕ ಕೊಡುವ ಕ್ಯುಸಿಬಿಎಸ್ ಪದ್ಧತಿಯನ್ನು ಆಯ್ದ ಕಾಮಗಾರಿಗಳಿಗೂ ಬಳಸಬಹುದೆಂದು ಕೇಂದ್ರ 2021ರಲ್ಲಿ ಹೇಳಿದರೂ ದರೇತರ ಅಂಕಕ್ಕೆ ಶೇ 30ರ ಮಿತಿ ಹಾಕಿದೆ. ಹಣ ಪಾವತಿಯ ಷರತ್ತಿನಲ್ಲಿದ್ದರೆ ಎಲ್ಲಕ್ಕಿಂತ ಗಟ್ಟಿ. ಬಿಎಂಟಿಸಿಯ 921 ಎಲೆಕ್ಟ್ರಿಕ್ ಬಸ್ಸುಗಳ ಒಪ್ಪಂದ ನೋಡಿ: ಸಂಸ್ಥೆ ಬಸ್ ಕೊಂಡುಕೊಳ್ಳಲಿಲ್ಲ, ಓಡಿದ ಕಿಲೋಮೀಟರಿಗೆ ಹಣ ಕೊಡುತ್ತದೆ. ಬಸ್ಸು ಕೆಟ್ಟು ಡಿಪೊದಲ್ಲಿ ನಿಂತರೆ ನಷ್ಟದ ಪಾಲು ಕಂಪನಿಗೂ ಇದೆ.

ಮೊದಲ ಇಪ್ಪತ್ತು ಟೆಂಡರುಗಳನ್ನು ಇಬ್ಬರು ಬೇರೆ ಬೇರೆಯಾಗಿ ಗುರುತಿಸಿ ತಾಳೆ ನೋಡಿ. ಜಗಳ ಬಂದೇ ಬರುತ್ತದೆ. ಯಾಕೆ ಬಂತು, ಹೇಗೆ ತೀರ್ಮಾನಿಸಿದಿರಿ ಎಂದು ಬರೆದಿಡಿ. ಪ್ರಬಂಧದ ‘ವಿಧಾನ’ ಅಧ್ಯಾಯ ಅರ್ಧ ಮುಗಿದಂತೆ.

ಲೆಕ್ಕ

ಒಂದು ಎ.ಸಿ. 6,000 ರೂಪಾಯಿ ಅಗ್ಗ, ಆದರೆ ವರ್ಷಕ್ಕೆ 300 ಯೂನಿಟ್ ಹೆಚ್ಚು ಉರಿಸುತ್ತದೆ ಎಂದುಕೊಳ್ಳಿ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಎರಡೂವರೆ ವರ್ಷಕ್ಕೆ ಆ ಅಗ್ಗ ಕರಗುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಗ್ರಿಡ್ ಅಂಕಿಯಂತೆ ಯೂನಿಟ್ಟಿಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್. ಅಂದರೆ ವರ್ಷಕ್ಕೆ 210 ಕಿಲೊ. ಯಾವ ವರ್ಷದ ಅಂಕಿ ಬಳಸಿದಿರಿ ಎಂದು ನಮೂದಿಸಿ. ಉಕ್ಕಿನ ಟೆಂಡರಾದರೆ 2024ರ ಡಿಸೆಂಬರಿನ ಹಸಿರು ಉಕ್ಕಿನ ವರ್ಗೀಕರಣ ಇದೆ: ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಹೊರಸೂಸುವಿಕೆ ಇದ್ದರೆ ಮಾತ್ರ ಹಸಿರು.

ದೊಡ್ಡ ಖರೀದಿ ಮಾರುಕಟ್ಟೆಯನ್ನೇ ಕದಲಿಸಬಲ್ಲದು ಎಂಬುದಕ್ಕೆ ಎಲ್ಇಡಿ ಬಲ್ಬಿನ ಪ್ರಕರಣ ಓದಿಕೊಳ್ಳಿ. ಸರ್ಕಾರಿ ಒಡೆತನದ ಇಂಧನ ದಕ್ಷತಾ ಕಂಪನಿ ಇಇಎಸ್ಎಲ್ ಸಗಟಾಗಿ ಕೊಂಡಾಗ 2014ರಲ್ಲಿ 310 ರೂಪಾಯಿ ಇದ್ದ ದರ 2016ರಲ್ಲಿ 38ಕ್ಕೆ ಇಳಿಯಿತು.

ಕಚೇರಿಗೆ ಹೋದಾಗ

ಕಾರ್ಯಪಾಲಕ ಎಂಜಿನಿಯರರನ್ನು ‘ಹವಾಮಾನ ಬದಲಾವಣೆ ಬಗ್ಗೆ ನಿಮ್ಮ ಅಭಿಪ್ರಾಯವೇನು ಸರ್?’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ಅವರದೇ ಟೆಂಡರಿನ ಪುಟ ಮುಂದಿಟ್ಟು, ‘ಈ ಐಟಂ ಯಾಕೆ ಹೀಗೆ ಬರೆದಿರಿ?’ ಎಂದು ಕೇಳಿ. ‘ಎಸ್ಆರ್‌ನಲ್ಲಿ ಇಲ್ಲ’, ‘ಆಡಿಟ್‌ನವರು ಬಿಡಲ್ಲ’ ಎಂಬ ಉತ್ತರ ಬಂದರೆ ತಲೆ ಅಲ್ಲಾಡಿಸಿ ಎದ್ದು ಬರಬೇಡಿ. ಎಸ್ಆರ್, ಅಂದರೆ ಇಲಾಖೆಯ ದರಪಟ್ಟಿಯಲ್ಲಿಲ್ಲದ ವಸ್ತುವನ್ನು ಅಂದಾಜಿಗೆ ಸೇರಿಸಿ ಆಕ್ಷೇಪಣೆ ಹೊತ್ತುಕೊಳ್ಳಲು ಯಾವ ಅಧಿಕಾರಿಗೂ ಮನಸ್ಸಿರುವುದಿಲ್ಲ. ನೀವು ಹುಡುಕುತ್ತಿದ್ದ ಅಡ್ಡಿ ಅದೇ ಇರಬಹುದು. ಲೆಕ್ಕಪತ್ರ ವಿಭಾಗದವರನ್ನೂ ಕೆಲಸ ಮಾಡಿದ ಗುತ್ತಿಗೆದಾರರನ್ನೂ ಮಾತನಾಡಿಸಿ.

ಬಾಯಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿಗೊಂದೇ ವಿಷಯ, 150 ಪದದ ಮಿತಿ. ‘ಎಲ್ಲ ಮಾಹಿತಿ ಕೊಡಿ’ ಎನ್ನದೆ ಟೆಂಡರ್ ಸಂಖ್ಯೆ ಬರೆದು ಕಾರ್ಯಾದೇಶ, ಅಂತಿಮ ಬಿಲ್, ಗುಣಮಟ್ಟ ಪರೀಕ್ಷಾ ವರದಿಯ ಪ್ರತಿ ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ. ಹಾಗಾಗಿ ಈ ಅರ್ಜಿಗಳನ್ನು ಎರಡನೇ ತಿಂಗಳಲ್ಲೇ ಹಾಕಿಬಿಡಿ.

ಪ್ರಬಂಧದಲ್ಲಿ ನಿಮ್ಮ ಹೆಸರು ಲೇಖಕರ ಸಾಲಿನಲ್ಲಿ ಬರುತ್ತದೋ, ಕೃತಜ್ಞತೆಯ ಅಡಿಟಿಪ್ಪಣಿಯಲ್ಲೋ ಎಂಬುದನ್ನು ಕೆಲಸಕ್ಕೆ ಸೇರುವಾಗಲೇ ಪ್ರಾಧ್ಯಾಪಕರ ಬಳಿ ಕೇಳಿ, ಇಮೇಲಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಿ.