ಜೀವಕೋಶದ ಮರಣ ಮತ್ತು ಅರ್ಬುದ ರೋಗ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಅಡಿಕೆ ತೋಟಗಳಲ್ಲಿ ಹಣ್ಣಾದ ಸೋಗೆ ತಾನಾಗಿಯೇ ಕಳಚಿ ಬೀಳುವುದನ್ನು ಎಲ್ಲರೂ ಬಲ್ಲರು. ಬಿದ್ದೆಡೆಯಲ್ಲಿ ಮರದ ಮೈಮೇಲೆ ಬಳೆಯಂತಹ ಗುರುತು ಉಳಿಯುತ್ತದೆಯೇ ಹೊರತು ಗಾಯವಾಗುವುದಿಲ್ಲ. ಬಿರುಗಾಳಿಗೆ ಮುರಿದ ಸೋಗೆಯ ಬಗೆ ಬೇರೆ. ದೇಹದ ಜೀವಕೋಶಗಳಿಗೂ ಈ ಎರಡು ಬಗೆಯ ಸಾವುಗಳುಂಟು. ಪೆಟ್ಟಿನಿಂದ ಸಾಯುವ ಕೋಶ ಉಬ್ಬಿ ಒಡೆದು ಸುತ್ತಲೂ ಉರಿಯೂತವನ್ನುಂಟುಮಾಡುತ್ತದೆ. ಕಾಲ ಮುಗಿದ ಕೋಶವಾದರೋ ಕುಗ್ಗಿ, ತುಣುಕುಗಳಾಗಿ, ನೆರೆಯ ಕೋಶಗಳಿಗೆ ಆಹಾರವಾಗಿ ಮರೆಯಾಗುತ್ತದೆ. ಕೆರ್, ವೈಲಿ, ಕರಿ ಎಂಬ ವಿಜ್ಞಾನಿಗಳು 1972ರಲ್ಲಿ ಈ ಎರಡನೆಯದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಎಲೆ ಉದುರುವುದೆಂಬುದೇ ಆ ಗ್ರೀಕ್ ಪದದ ಅರ್ಥ.

ಈ ಸಾವು ಆಕಸ್ಮಿಕವಲ್ಲ. ಯಾವ ಪ್ರೋಟೀನು ಯಾವುದನ್ನು ಹಿಡಿದುಕೊಂಡಿದೆ ಎಂಬುದರ ಮೇಲೆ ಅದು ನಿರ್ಣಯವಾಗುತ್ತದೆ. ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳ ಹೊರಪೊರೆಯಲ್ಲಿ ರಂಧ್ರ ಕೊರೆಯಬಲ್ಲ ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನುಗಳನ್ನು ಬಿಸಿಎಲ್-2 ಎಂಬ ಇನ್ನೊಂದು ಪ್ರೋಟೀನಿನ ಬಳಗ ತಡೆದಿಡುತ್ತದೆ. ಕೋಶ ಕೆಟ್ಟಾಗ ಮೂರನೆಯ ಗುಂಪಿನ ಪ್ರೋಟೀನುಗಳು ಬಂದು ಬಿಸಿಎಲ್-2ರ ಮೈಮೇಲಿನ ತಗ್ಗಿನಲ್ಲಿ ಕೂರುತ್ತವೆ. ಹಿಡಿತ ಸಡಿಲುತ್ತದೆ, ರಂಧ್ರಗಳುಂಟಾಗುತ್ತವೆ. ಒಳಗಿನ ಸೈಟೊಕ್ರೋಮ್-ಸಿ ಸೋರಿ ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಕೋಶವನ್ನು ಕತ್ತರಿಸಿಹಾಕುವ ಕೆಲಸ ಆ ಕಿಣ್ವಗಳದು.

ಅರ್ಬುದವೆಂದರೆ ಕೋಶಗಳು ಮಿತಿಮೀರಿ ಹೆಚ್ಚುವುದೆಂದಷ್ಟೇ ಹೇಳುವುದುಂಟು. ಅದು ಅರ್ಧ ಮಾತು. ಸಾಯಬೇಕಾದವು ಸಾಯದೆ ಉಳಿಯುವುದೂ ಅಷ್ಟೇ ಮುಖ್ಯ. ಒಂದು ಬಗೆಯ ದುಗ್ಧಗ್ರಂಥಿಯ ಅರ್ಬುದದಲ್ಲಿ 14 ಮತ್ತು 18ನೆಯ ವರ್ಣತಂತುಗಳ ತುಂಡುಗಳು ಸ್ಥಳ ಬದಲಿಸಿಕೊಂಡು ಬಿಸಿಎಲ್-2 ಅತಿಯಾಗಿ ತಯಾರಾಗುತ್ತದೆ. ಅದು ಕೋಶಗಳನ್ನು ಹೆಚ್ಚಿಸುವುದಲ್ಲ, ಸಾಯಗೊಡದಿರುವುದು ಎಂಬುದನ್ನು ಆಸ್ಟ್ರೇಲಿಯದ ಸಂಶೋಧಕರು 1988ರಲ್ಲಿ ತೋರಿಸಿದರು.

ಹಾಗಾದರೆ ಆ ತಗ್ಗಿನಲ್ಲಿ ಕೂರಬಲ್ಲ ಔಷಧಿಯನ್ನೇ ರಚಿಸಬಹುದಲ್ಲವೆ? 2016ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಅರ್ಬುದಕ್ಕೆ ಅನುಮತಿ ಪಡೆದ ವೆನೆಟೊಕ್ಲ್ಯಾಕ್ಸ್ ಅಂತಹುದು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡ ಡಿಸಾರಿಬ್ ಎಂಬ ಅಣುವನ್ನು ಕುರಿತು ವರದಿ ಮಾಡಿತು. ಬಿಸಿಎಲ್-2ರ ಬೇರೊಂದು ಭಾಗಕ್ಕೆ ಅಂಟಿಕೊಂಡು ಬ್ಯಾಕ್ ಪ್ರೋಟೀನಿನ ಮೇಲಿನ ಹಿಡಿತವನ್ನು ಬಿಡಿಸುವುದು ಇದರ ವೈಶಿಷ್ಟ್ಯ. ಪ್ರಯೋಗಾಲಯದ ಕೋಶಗಳಲ್ಲಿಯೂ ಇಲಿಗಳಲ್ಲಿಯೂ ಕಂಡ ಫಲವಿದು; ರೋಗಿಯ ಮದ್ದೆಂದು ಬಗೆಯುವುದು ಅವಸರವಾದೀತು.

ಈ ತಾಲ್ಲೂಕುಗಳಿಗೆ ಹೆಚ್ಚು ಹತ್ತಿರದ್ದು ಬಾಯಿಯ ಅರ್ಬುದ. ತೋಟಗಳ ಚನ್ನಗಿರಿಯಾಗಲಿ, ಬಯಲುಸೀಮೆಯ ಜಗಳೂರಾಗಲಿ, ಎಲೆ-ಅಡಿಕೆ ಅಗಿಯುವ ರೂಢಿ ಎರಡೆಡೆಯೂ ಉಂಟು. ತಂಬಾಕು ಬೆರೆಸದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ತೋಟವನ್ನೇ ನೆಚ್ಚಿದ ಮನೆಗಳಿಗೆ ಕಹಿಯಾದ ಮಾತು. ಆದರೂ ಶಾಲೆಯಲ್ಲಿ ಮುಚ್ಚಿಡತಕ್ಕದ್ದಲ್ಲ.

ಇಲ್ಲಿಯೂ ಹಿಡಿತದ ಕಥೆಯೇ. ಪಿ53 ಎಂಬ ಕಾವಲು ಪ್ರೋಟೀನನ್ನು ಎಂಡಿಎಂ-2 ಎಂಬುದು ಆರೋಗ್ಯದ ದಿನಗಳಲ್ಲಿ ಹಿಡಿದು ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಡಿ.ಎನ್.ಎ. ಕೆಟ್ಟೊಡನೆ ಆ ಹಿಡಿತ ತಪ್ಪಿ, ಪಿ53 ಹೆಚ್ಚಿ, ಬ್ಯಾಕ್ಸ್ ಮುಂತಾದವನ್ನು ತಯಾರಿಸಲು ಆಜ್ಞೆಯೀಯುತ್ತದೆ. ಬಾಯಿಯ ಅರ್ಬುದದಲ್ಲಿ ಅನೇಕ ವೇಳೆ ಪಿ53ರ ಜೀನೇ ಕೆಟ್ಟಿರುತ್ತದೆ. ಆಜ್ಞೆ ಹೊರಡುವುದಿಲ್ಲ, ಕೆಟ್ಟ ಕೋಶ ಬದುಕುತ್ತದೆ. ಇದನ್ನು ಸರಿಪಡಿಸುವುದು ಬಿಸಿಎಲ್-2ರ ಔಷಧಿಗಳ ಕೆಲಸವಲ್ಲ.

ಅದಕ್ಕೆ ಎಷ್ಟೋ ಮುಂಚೆ ಅಡಿಕೆ ಅಗಿಯುವವರ ಕೆನ್ನೆಯೊಳಗೆ ನಾರು ಬೆಳೆದು ಬಿಗಿಯಾಗುವುದುಂಟು. ಖಾರ ತಾಗಿದರೆ ಉರಿ, ಮಾಯದ ಬಿಳಿಯ ಅಥವಾ ಕೆಂಪು ಮಚ್ಚೆ, ದಿನೇ ದಿನೇ ಕಿರಿದಾಗುವ ಬಾಯಿ, ಇವು ಬರಿಗಣ್ಣಿಗೇ ಕಾಣುವಂತಹವು. ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಬಾಯೊಳಗೆ ಇಡಲಾರದ ವಿದ್ಯಾರ್ಥಿ ಕಂಡುಬಂದರೆ ಉಪಾಧ್ಯಾಯರು ಅವನನ್ನು ದಂತವೈದ್ಯರಿಗೆ ತೋರಿಸತಕ್ಕದ್ದು.